ಒಂದೇ ಬಟ್ಟಲ ಗಂಜಿ

ಡಿಗ್ರಿಯ ಕೊನೆಯ ವರ್ಷ ನಾನು ಊರೂರು ತಿರುಗಿ ಗಂಜಿ ಅಳೆಯುತ್ತಿದ್ದೆ. ಹೀಗೆಂದರೆ ಈಗಲೂ ಜನ ನಗುತ್ತಾರೆ, ನಗಲಿ ಬಿಡಿ. ಇವತ್ತು ನನಗೆ ಅನ್ನ ಹಾಕುತ್ತಿರುವ ವಿದ್ಯೆ ನಿಜವಾಗಿ ಕೈಗೆ ಹತ್ತಿದ್ದು ಆ ಗಂಜಿಯಿಂದಲೇ.

ಮೈಸೂರಿನ ಕಾಲೇಜಿನಲ್ಲಿ ನಾನು ಓದುತ್ತಿದ್ದುದು ಮಾತು ಮತ್ತು ಶ್ರವಣದ ಚಿಕಿತ್ಸೆ. ನಮ್ಮ ಬಳ್ಳಿಗಾವಿಯಲ್ಲಿ ಅಪ್ಪ ಅದನ್ನು ಸುಲಭ ಮಾಡಿಕೊಂಡು, ‘ನಮ್ಮ ಶರಣ್ಯ ಮಾತು ಬಾರದವರಿಗೆ ಮಾತು ಬರಿಸುವ ಡಾಕ್ಟರು’ ಎಂದು ಸಿಕ್ಕವರಿಗೆಲ್ಲ ಹೇಳಿಟ್ಟಿದ್ದ. ಡಾಕ್ಟರಲ್ಲ ಎಂದು ತಿದ್ದಿ ತಿದ್ದಿ ನನಗೇ ಸಾಕಾಗಿತ್ತು. ಮಾತಾಡುವ ನಾಲಿಗೆ, ಗಂಟಲುಗಳೇ ನುಂಗುವ ಕೆಲಸವನ್ನೂ ಮಾಡುತ್ತವೆ. ಲಕ್ವ ಹೊಡೆದರೆ ಮಾತಿನ ಜೊತೆಗೆ ನುಂಗುವುದೂ ಕೆಡುತ್ತದೆ. ಅದನ್ನು ನೋಡಿಕೊಳ್ಳುವುದೂ ನಮ್ಮದೇ ಕೆಲಸ. ಇಷ್ಟನ್ನು ವಿವರಿಸುವಷ್ಟರಲ್ಲಿ ಕೇಳುತ್ತಿದ್ದವರಿಗೆ ದನಕ್ಕೆ ಹುಲ್ಲು ಹಾಕುವುದು ನೆನಪಾಗಿ ಎದ್ದು ಹೋಗುತ್ತಿದ್ದರು. ಅಂಥದ್ದರಲ್ಲಿ ರಜೆಗೆ ಬಂದ ಮಗಳು ಸೂಜಿಯಿಲ್ಲದ ಸಿರಿಂಜು ಹಿಡಿದು ಅಡಿಗೆಮನೆಯಲ್ಲಿ ಕೂತಿದ್ದನ್ನು ಕಂಡು ಅಪ್ಪನ ಮುಖ ಸಪ್ಪಗಾಯಿತು.

“ಮಾತು ಕಲ್ಸೋದು ಬಿಟ್ಟು ಗಂಜಿಗೆ ಇಂಜೆಕ್ಷನ್ ಮಾಡಾಕ್ ಹತ್ತೀಯೇನವ್ವ?” ಎಂದ.

ಆರೋಗ್ಯವಾಗಿರುವವರಿಗೆ ನೀರು ನುಂಗುವಷ್ಟು ಸಲೀಸಾದ ಕೆಲಸ ಬೇರೆ ಇಲ್ಲ. ಲಕ್ವ ಹೊಡೆದ ಎಷ್ಟೋ ಜನಕ್ಕೆ ಆ ನೀರೇ ಅಪಾಯ. ತೆಳ್ಳಗಿದ್ದಷ್ಟೂ ಬೇಗ ಓಡುತ್ತದೆ, ಗಂಟಲು ಎಚ್ಚೆತ್ತುಕೊಳ್ಳುವ ಮೊದಲೇ ಶ್ವಾಸಕೋಶದ ದಾರಿ ಹಿಡಿಯುತ್ತದೆ, ಎದೆ ತುಂಬಿಕೊಂಡು ಜ್ವರ ಬರುತ್ತದೆ. ನಮ್ಮ ಕಡೆಯಾದರೋ ಹುಷಾರಿಲ್ಲದವರಿಗೆ ಪ್ರೀತಿಯಿಂದ ಕುಡಿಸುವುದೇ ಗಂಜಿಯ ತಿಳಿ. ಆಸ್ಪತ್ರೆಯವರು ‘ಗಟ್ಟಿಯಾಗಿ ಮಾಡಿ ಕೊಡಿ’ ಎಂದು ಕಲಿಸಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಆ ಹದ ಉಳಿಯುತ್ತದೆಯೇ, ಪ್ರೀತಿಯಲ್ಲಿ ನೀರಾಗುತ್ತದೆಯೇ ಎಂಬುದು ನನ್ನ ಸಂಶೋಧನೆ. ಒತ್ತುವ ಕಡ್ಡಿ ತೆಗೆದ ಸಿರಿಂಜಿಗೆ ಗಂಜಿ ತುಂಬಿ, ಕೆಳಗಿನ ತೂತಿಗೆ ಒತ್ತಿದ ಬೆರಳು ತೆಗೆದು, ಹತ್ತು ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ನೋಡಬೇಕು. ಕಡಿಮೆ ಇಳಿದರೆ ಗಟ್ಟಿ, ಪೂರ್ತಿ ಇಳಿದರೆ ನೀರು. ಇಷ್ಟೇ.

ಇದನ್ನು ನನಗೆ ಹಚ್ಚಿದವರು ನಮ್ಮ ಗೈಡ್ ಯಶೋಧರಾ ಮೇಡಂ. ಗೆಳತಿಯರೆಲ್ಲ ಕಾಲೇಜಿನ ಏಸಿ ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಪ್ರಾಜೆಕ್ಟ್ ಮುಗಿಸುತ್ತಿದ್ದಾಗ ನನ್ನನ್ನು ಶಿಕಾರಿಪುರ, ಸೊರಬದ ಬಸ್ಸುಗಳಿಗೆ ಹತ್ತಿಸಿದವರು. ನಾನು ಏನೇ ಹೇಳಲಿ, ಕನ್ನಡಕದ ಮೇಲಿನಿಂದ ನೋಡಿ “ನಿನಗೆ ಹೇಗೆ ಗೊತ್ತು?” ಎಂದು ಕೇಳುತ್ತಿದ್ದರು. ಮಳೆ ಬರ್ತಿದೆ ಮೇಡಂ ಎಂದರೂ ಹಾಗೆ ಕೇಳುತ್ತಾರೇನೋ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ನನ್ನ ಪಾಲಿಗೆ ಬಂದ ಮನೆಗಳಲ್ಲಿ ಒಂದು ಹೊಸಬಾಳೆಯ ಪುಟ್ಟಪ್ಪಜ್ಜನದು. ಹೊಲವೂ ಉಂಟು, ಕುರಿಯೂ ಉಂಟು. ಅಜ್ಜ ಜೀವಮಾನವೆಲ್ಲ ಕುರಿ ಹಿಂದೆ ನಡೆದವನು; ಈಗ ಬಲಗೈ, ಬಲಗಾಲು ಬಿದ್ದುಹೋಗಿ ಪಡಸಾಲೆಯ ಮಂಚ ಹಿಡಿದಿದ್ದ. ಬಾಯಲ್ಲಿ ಉಳಿದದ್ದು ‘ಹ್ಞೂಂ’, ‘ಬ್ಯಾಡ’, ‘ಬಾ’ ಎನ್ನುವಂಥ ಒಂದೆರಡು ಮಾತು. ನೋಡಿಕೊಳ್ಳುವವರು ಹೆಂಡತಿ ಹೂವಮ್ಮಜ್ಜಿ, ಮಗ ಯತೀಶಣ್ಣ, ಸೊಸೆ ಮಾನಸಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಎರಡು ಸಲ ಎದೆ ಕಟ್ಟಿ ಜ್ವರ ಬಂದಿತ್ತು. ಇನ್ನೊಂದು ಸಲ ಹಾಗಾದರೆ ಬಾಯಿಂದ ಏನನ್ನೂ ಕೊಡುವ ಹಾಗಿಲ್ಲ, ಹೊಟ್ಟೆಗೇ ನಳಿಗೆ ಹಾಕಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ಮಾತು ಮನೆಯವರನ್ನೆಲ್ಲ ಅಲ್ಲಾಡಿಸಿಬಿಟ್ಟಿತ್ತು. ಊಟ ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ, ಮಾತು ಹೋದರೂ ಪರವಾಗಿಲ್ಲ, ಆದರೆ ಬಾಯಿಗೆ ರುಚಿಯೇ ಇಲ್ಲದೆ ಮನುಷ್ಯ ಇರುವುದು ಹೇಗೆ ಎಂದು ಹೂವಮ್ಮಜ್ಜಿ ನನ್ನನ್ನೇ ಕೇಳಿತು. ನಾನು ಇನ್ನೂ ಪಾಸಾಗದ ಹುಡುಗಿ, ನನಗೆ ಗೊತ್ತಿದ್ದದ್ದು ಅಳೆಯುವುದೊಂದೇ. ಮಾನಸಕ್ಕ ಮಾಡಿದ ರಾಗಿಗಂಜಿಯನ್ನು ಪಾತ್ರೆಯಿಂದ ಸಿರಿಂಜಿಗೆ ಸುರಿದು ನೋಡಿದೆ. ಆಸ್ಪತ್ರೆಯಲ್ಲಿ ಹೇಳಿದ ಹದವೇ ಇತ್ತು. ಮತ್ತೆ ಹೋದಾಗಲೂ ಹಾಗೇ ಇತ್ತು. ಮಜ್ಜಿಗೆ ಶೀತ ಎಂದು ಅದನ್ನೂ ಬೆರೆಸುತ್ತಿರಲಿಲ್ಲ. ಆದರೂ ಅಜ್ಜ ಊಟದ ಕೊನೆಗೆ ಕೆಮ್ಮುತ್ತಿದ್ದ, ಗಂಟಲು ಗೊರಗೊರ ಎನ್ನುತ್ತಿತ್ತು.

ಯತೀಶಣ್ಣ ನನ್ನನ್ನು ಸೊರಬದ ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಡುವಾಗ ದಾರಿಯಲ್ಲಿ ಹೇಳಿದ. “ನಮ್ಮವ್ವ ಕದ್ದು ನೀರು ಕುಡುಸ್ತೈತೆ ಅಂತ ನಂಗೆ ಡೌಟು ಕಣವ್ವ. ಅಪ್ಪ ನೀರು ಬೇಕು ಅಂತ ಕಣ್ಸನ್ನೆ ಮಾಡ್ತಾನೆ, ಅವ್ವಂಗೆ ತಡಿಯಕ್ಕಾಗಲ್ಲ. ಕೇಳಿದ್ರೆ ಅಳ್ತೈತೆ.”

ಮೈಸೂರಿಗೆ ಹೋಗಿ ಎಲ್ಲ ಮನೆಗಳ ಅಳತೆಯನ್ನು ಮೇಡಂ ಮುಂದಿಟ್ಟೆ. ಆನವಟ್ಟಿಯ ಒಂದು ಮನೆ, ಶಿಕಾರಿಪುರದ ಕೆಲವು ಮನೆಗಳಲ್ಲಿ ಗಂಜಿ ತೆಳ್ಳಗಿತ್ತು, ಅಲ್ಲಿ ಕೆಮ್ಮೂ ಇತ್ತು. ಹೊಸಬಾಳೆಯದು ಮಾತ್ರ ಗಟ್ಟಿ, ಆದರೂ ಕೆಮ್ಮು. ಕದ್ದು ನೀರು ಕುಡಿಸುತ್ತಿರಬೇಕು, ಈ ಮನೆಯನ್ನು ಲೆಕ್ಕದಿಂದ ಬಿಡೋಣ ಎಂದೆ. ನನ್ನ ಪ್ರಕಾರ ಪ್ರಾಜೆಕ್ಟ್ ಮುಗಿದಿತ್ತು, ಬರೆಯುವುದೊಂದು ಬಾಕಿ.

“ಕುಡಿಸ್ತಾರೆ ಅಂತ ನಿನಗೆ ಹೇಗೆ ಗೊತ್ತು?” ಎಂದರು ಮೇಡಂ.

“ಮಗನೇ ಹೇಳಿದ್ರು ಮೇಡಂ.”

“ಮಗ ನೋಡಿದ್ದಾರಾ?”

ಇಲ್ಲ ಎಂದೆ. ಮೇಡಂ ಹಾಳೆಗಳನ್ನು ನನ್ನ ಕಡೆ ತಳ್ಳಿದರು. “ನೀನು ಅಳೆದಿರೋದು ಅವರು ಬೇಯಿಸಿದ್ದನ್ನ. ಅಜ್ಜ ನುಂಗಿದ್ದನ್ನ ಅಳೆದಿದ್ದೀಯಾ? ಕೆಮ್ಮು ಬರೋದು ಊಟದ ಕೊನೆಗೆ ಅಂತ ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಕೊನೇ ತುತ್ತನ್ನ ಅಳೀಬೇಕು. ಹೋಗು, ಅವರ ಜೊತೆ ಕೂತು ಒಂದು ಪೂರ್ತಿ ಊಟ ನೋಡಿಕೊಂಡು ಬಾ.”

ಹಾಸ್ಟೆಲಿಗೆ ಬಂದು ಹಾಳೆಗಳನ್ನು ಮಂಚದ ಮೇಲೆ ಎಸೆದೆ. ಮೈಸೂರಿನಿಂದ ಸೊರಬ ಏನು ಪಕ್ಕದ ಬೀದಿಯೇ? ರೂಮಿನವಳ ಮುಂದೆ ಮೇಡಂಗೆ ಮನಸಾರೆ ಬೈದೆ. ಬೈಯುತ್ತ ಬೈಯುತ್ತಲೇ ಬಟ್ಟೆಯನ್ನೂ ತುಂಬಿಕೊಂಡೆ.

ನಾನು ಹೋದ ದಿನ ಹೊಸಬಾಳೆಯ ಮನೆಯಲ್ಲಿ ಬಿಗುವು ಕಾಣುತ್ತಿತ್ತು. ಅಜ್ಜನಿಗೆ ಮತ್ತೆ ಮೈ ಬೆಚ್ಚಗಾಗಿತ್ತು. ಸಂಜೆಯೊಳಗೆ ಇಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದೆಂದು ಯತೀಶಣ್ಣ ಆಗಲೇ ಕಾರಿಗೆ ಹೇಳಿಟ್ಟಿದ್ದ. ಹೂವಮ್ಮಜ್ಜಿ ಮಂಚದ ಹತ್ತಿರ ಇರಲಿಲ್ಲ, ಹಿತ್ತಲ ಬಾಗಿಲಲ್ಲಿ ಕೂತಿತ್ತು.

“ಯಾಕಜ್ಜಿ, ಇಲ್ಲಿ ಕೂತಿದ್ದೀರಿ? ಅಜ್ಜನಿಗೆ ಊಟದ ಹೊತ್ತಾಯ್ತಲ್ಲ.”

“ಇವತ್ತಿಂದ ಮಾನಸ ಉಣುಸ್ಲಿ ಅಂದಿದೀನಿ ಮಗ. ನನ್ನ ಕೈಗುಣ ಸರಿ ಇಲ್ಲ. ನಾನು ಉಣುಸ್ದಾಗೆಲ್ಲ ಹಿಂಗಾಗ್ತೈತೆ. ನೀರು ಕುಡುಸ್ತೀನಿ ಅಂತಾನೆ ನಮ್ಮ ಹುಡ್ಗ. ನಮ್ಮ ದೇವ್ರಾಣೆಗೂ ಒಂದು ಹನಿ ಕುಡ್ಸಿಲ್ಲ.”

ಒಳಗೆ ಮಾನಸಕ್ಕ ಬಟ್ಟಲು ಹಿಡಿದು ಬೇಡಿಕೊಳ್ಳುತ್ತಿದ್ದಳು. “ಮಾವ, ಒಂದೇ ಒಂದು ಚಮಚ, ಬಾಯಿ ತೆಗೀರಿ.” ಅಜ್ಜ ತುಟಿ ಬಿಗಿದು, ಮುಖವನ್ನು ಗೋಡೆಗೆ ತಿರುಗಿಸಿದ್ದ. ಎಡಗೈಯಲ್ಲಿ ಹಿತ್ತಲ ಕಡೆ ತೋರಿಸಿ “ಬಾ” ಎಂದ. ಬಾ ಎಂದರೆ ಹೂವಮ್ಮಜ್ಜಿ ಬರಬೇಕು. ಹೀಗೇ ಬಿಟ್ಟರೆ ಅಜ್ಜ ಉಪವಾಸವೇ ಇರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಾನೇ ಹೋಗಿ ಅಜ್ಜಿಯ ಕೈ ಹಿಡಿದು ಎಬ್ಬಿಸಿದೆ. ಇವತ್ತು ನಾನು ಪಕ್ಕದಲ್ಲೇ ಕೂತಿರುತ್ತೇನೆ, ಏನಾದರೂ ಆದರೆ ನನ್ನ ಕಣ್ಣ ಮುಂದೆ ಆಗಲಿ ಎಂದೆ.

ಅಜ್ಜನನ್ನು ನೆಟ್ಟಗೆ ಕೂರಿಸಿದೆವು. ಗದ್ದ ಎದೆಯ ಕಡೆ ಬಗ್ಗಿಸಿ ನುಂಗುವ ಪಾಠವನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು, ಅದರಲ್ಲಿ ಅವನು ಜಾಣ. ಅಜ್ಜಿ ದೊಡ್ಡ ಬಟ್ಟಲಲ್ಲಿ ಉಗುರು ಬೆಚ್ಚಗಿನ ಗಂಜಿ ತಂದು ಕೂತಿತು. ಮೊದಲ ಚಮಚವನ್ನು ತಾನೇ ಬಾಯಿಗೆ ಹಾಕಿಕೊಂಡು, ಎರಡನೆಯದನ್ನು ಅಜ್ಜನಿಗೆ ಕೊಟ್ಟಿತು. ಆಮೇಲೆ ಮತ್ತೆ ತನಗೆ, ಮತ್ತೆ ಅಜ್ಜನಿಗೆ. ಒಂದೇ ಚಮಚ, ಒಂದೇ ಬಟ್ಟಲು.

“ನೀವೂ ಇದರಲ್ಲೇ ಉಣ್ತೀರಾ ಅಜ್ಜಿ?”

“ಮದ್ವಿಯಾದಾಗಿಂದ ಹಿಂಗೇ ಮಗ. ಸುಗ್ಗಿ ಮುಗುದ್ ಮೇಲೆ ಊರೂರಿನ ಹೊಲದಾಗೆ ಕುರಿ ಮಂದೆ ನಿಲ್ಲುಸ್ತಿದ್ವಿ. ಬಯಲಾಗೆ ಇಬ್ರೇ. ಎರಡು ತಾಟು ಯಾರು ಹೊರ್ತಾರೆ? ನಾನು ಉಂಡ್ರೇನೇ ಇವ್ರು ಉಣ್ಣೋದು. ಈಗ್ಲೂ ನಾನು ಬಾಯಿಗೆ ಹಾಕಿಲ್ಲ ಅಂದ್ರೆ ಇವ್ರು ಬಾಯಿ ತೆಗಿಯಲ್ಲ.”

ಆಸ್ಪತ್ರೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಅಜ್ಜಿಯೂ ಹೇಳಿರಲಿಲ್ಲ. ಗಂಡ ಹೆಂಡತಿ ಹೇಗೆ ಉಣ್ಣುತ್ತಾರೆ ಎಂಬುದು ಹೊರಗಿನವರಿಗೆ ಹೇಳುವ ವಿಷಯವೇ? ಊಟ ನಿಧಾನವಾಗಿ ಸಾಗಿತು. ಬಟ್ಟಲು ಅರ್ಧ ಇಳಿಯುವವರೆಗೆ ಕೆಮ್ಮಿಲ್ಲ. ಆಮೇಲೆ ಒಂದು ಸಣ್ಣ ಕೆಮ್ಮು ಬಂತು, ಹಿಂದೆಯೇ ಇನ್ನೊಂದು. ಸಾಕು ಎಂದು ನಿಲ್ಲಿಸಿ, ಬಟ್ಟಲಲ್ಲಿ ಉಳಿದದ್ದನ್ನು ಸಿರಿಂಜಿಗೆ ಸುರಿದು ಬೆರಳು ತೆಗೆದೆ. ಸರ್ರನೆ ಪೂರ್ತಿ ಇಳಿದುಹೋಯಿತು.

ಮಾನಸಕ್ಕ ನೋಡಿಯೇ ಬಿಟ್ಟಳು. “ಅತ್ತೆ, ನೀರು ಬೆರ್ಸಿದ್ರಾ?”

ಯತೀಶಣ್ಣನೂ ಬಾಗಿಲಲ್ಲಿ ನಿಂತಿದ್ದ. ತಾಯಿಯನ್ನೇ ನೋಡಿದ. ಹೂವಮ್ಮಜ್ಜಿಯ ಮುಖ ನೋಡಲಾಗಲಿಲ್ಲ ನನಗೆ. ಅಜ್ಜಿ ಚಮಚ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿತು.

“ಬೆರೆಸಿಲ್ಲ ಅಕ್ಕ, ನಾನು ಇಡೀ ಹೊತ್ತು ಇಲ್ಲೇ ಇದ್ದೆ,” ಎಂದೆ. ಒಳಗೆ ಹೋಗಿ ಪಾತ್ರೆಯ ಗಂಜಿ ಅಳೆದೆ. ಅದು ಮೊದಲಿನಷ್ಟೇ ಗಟ್ಟಿ. ಪಾತ್ರೆಯಲ್ಲಿ ಗಟ್ಟಿಯಾಗಿದ್ದದ್ದು ಬಟ್ಟಲಿಗೆ ಬಂದು ನೀರಾಗಿದೆ, ನೀರು ಯಾರೂ ಹಾಕಿಲ್ಲ. ಹಾಗಾದರೆ ಬಟ್ಟಲಿಗೆ ಹೋದದ್ದು ಏನು? ಚಮಚ ಒಂದೇ. ಚಮಚದ ಜೊತೆ ಎಂಜಲು. ಅಕ್ಕಿ, ರಾಗಿಯ ಹಿಟ್ಟನ್ನು ಎಂಜಲು ಕರಗಿಸುತ್ತದೆ ಎಂದು ಮೊದಲ ವರ್ಷವೇ ಬರೆದು ಮಾರ್ಕ್ಸ್ ತೆಗೆದುಕೊಂಡವಳು ನಾನು. ಅದು ಪುಸ್ತಕದಿಂದ ಎದ್ದು ಬಂದು ಹೊಸಬಾಳೆಯ ಬಟ್ಟಲಲ್ಲಿ ಕೂತಿರುತ್ತದೆಂದು ಯಾರಿಗೆ ಗೊತ್ತಿತ್ತು.

ಅಂಗಳಕ್ಕೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಹೇಳಿದೆ. ಅವರು ಮೊದಲ ಸಲ ‘ಹೇಗೆ ಗೊತ್ತು’ ಎನ್ನಲಿಲ್ಲ.

“ಸರಿಯಾಗಿ ನೋಡಿದ್ದೀಯ,” ಎಂದರು. “ಮೊದಲು ಜ್ವರಕ್ಕೆ ಡಾಕ್ಟರ ಹತ್ತಿರ ಕಳಿಸು, ಅದು ನಿನ್ನ ಕೆಲಸ ಅಲ್ಲ. ಆಮೇಲೆ ಒಂದು ಮಾತು ಯೋಚನೆ ಮಾಡು. ಮಗ, ಸೊಸೆ ಎದುರು ನಿಂತು ನಿಮ್ಮ ಎಂಜಲಿನಿಂದ ನಿಮ್ಮ ಯಜಮಾನರಿಗೆ ಹೀಗಾಯ್ತು ಅಂದರೆ ಆಯಮ್ಮನಿಗೆ ಏನು ಕೇಳಿಸುತ್ತೆ? ಸತ್ಯ ಮುಚ್ಚಬೇಡ. ಆದರೆ ಬರೀ ಹೇಳಬೇಡ, ತೋರಿಸು.”

ಫೋನಿಟ್ಟು ಅಂಗಳದಲ್ಲೇ ನಿಂತೆ. ಇಷ್ಟು ದಿನ ನನಗೆ ಬೇಕಾಗಿದ್ದದ್ದು ಉತ್ತರ. ಸಿಕ್ಕಿದ ಮೇಲೆ ಅದೇ ಕೈ ಸುಡುವ ಹಾಗಾಯಿತು. ಹೇಳಿದರೆ ಅಜ್ಜಿ ಇನ್ನು ಅಜ್ಜನ ಬಟ್ಟಲು ಮುಟ್ಟುವುದಿಲ್ಲ, ಅಜ್ಜಿ ಉಣ್ಣದೆ ಅಜ್ಜ ಬಾಯಿ ತೆರೆಯುವುದಿಲ್ಲ. ನಳಿಗೆ ಹಾಕಿಸಲು ನಾನೇ ಬಂದ ಹಾಗಾಗುತ್ತದೆ.

ಆ ಸಂಜೆ ಡಾಕ್ಟರು ಎದೆ ಪರೀಕ್ಷಿಸಿದರು. ಕಫ ಅಷ್ಟಿಲ್ಲ, ಮಾತ್ರೆಯಲ್ಲಿ ಹೋಗುತ್ತದೆ, ಆದರೆ ಇದೇ ಕೊನೆಯ ಎಚ್ಚರಿಕೆ ಎಂದರು. ರಾತ್ರಿ ನಾನು ಅಲ್ಲೇ ಉಳಿದೆ. ಮಾರನೆ ದಿನ ಬೆಳಗ್ಗೆ ಮಾನಸಕ್ಕನಿಗೆ ಗಂಜಿ ಸ್ವಲ್ಪ ಹೆಚ್ಚೇ ಮಾಡು ಎಂದೆ. ಮನೆಯಲ್ಲಿದ್ದ ಸ್ಟೀಲ್ ಲೋಟಗಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಗಂಜಿ ಬಗ್ಗಿಸಿದೆ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದರಲ್ಲಿ ಒಂದು ಚಮಚ ತೆಗೆದು ನಾನು ತಿಂದು, ಅದೇ ಚಮಚವನ್ನು ಮತ್ತೆ ಅದರಲ್ಲೇ ಆಡಿಸಿದೆ, ಮತ್ತೆ ತಿಂದೆ, ಮತ್ತೆ ಆಡಿಸಿದೆ.

“ಇದೇನವ್ವ, ನಿನ್ನ ಓದು?” ಎಂದ ಯತೀಶಣ್ಣ. ಮುಖ ಕಿವುಚಿಕೊಂಡಿದ್ದ.

“ನೀವೂ ಮಾಡಬೇಕು ಅಣ್ಣ. ನಿಮ್ಮ ಲೋಟ ಅದು.”

“ಎಂಜಲು ಮಾಡ್ಕಂಡು ಆಟ ಆಡಕ್ಕೆ ನಾನೇನು ಸಣ್ಣ ಹುಡ್ಗನಾ?” ಎಂದರೂ ಕೂತ. ಮಾನಸಕ್ಕ ನಗು ತಡೆಯುತ್ತ ಅವನ ಪಕ್ಕ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಒಂದೊಂದೇ ಲೋಟದ್ದನ್ನು ಸಿರಿಂಜಿಗೆ ಸುರಿದೆ. ಹಾಗೇ ಬಿಟ್ಟಿದ್ದ ಗಂಜಿ ತೊಟ್ಟು ತೊಟ್ಟಾಗಿ ಇಳಿದು ನಿಂತುಬಿಟ್ಟಿತು. ನನ್ನದು ಸರ್ರನೆ ಇಳಿಯಿತು. ಮಾನಸಕ್ಕನದೂ ಇಳಿಯಿತು. ಯತೀಶಣ್ಣನದಂತೂ ಎಲ್ಲರಿಗಿಂತ ಮುಂಚೆ ಖಾಲಿ. ಅವನು ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಒಂದು ಹನಿ ನೀರು ಯಾರೂ ಹಾಕಿರಲಿಲ್ಲ. ಅವನ ಕಣ್ಣೆದುರೇ ಆದದ್ದು.

“ಎಲ್ಲರ ಎಂಜಲಿನಲ್ಲೂ ಈ ಗುಣ ಇದೆ ಅಜ್ಜಿ,” ಎಂದೆ. “ಗಂಜಿ ಕರಗಲಿ ಅಂತ ದೇಹವೇ ಇಟ್ಟಿರೋದು. ನಿಮ್ಮ ಬಟ್ಟಲಲ್ಲಿ ನೀವು ಚಮಚ ಅದ್ದುತ್ತೀರಿ, ಅಜ್ಜನ ಬಾಯಿಂದ ಬಂದದ್ದನ್ನೂ ಅದ್ದುತ್ತೀರಿ. ಇಬ್ಬರದೂ ಸೇರಿ ಕೊನೆಗೆ ನೀರಾಗುತ್ತೆ. ಅದು ಅಜ್ಜನ ಗಂಟಲಿಗೆ ಆಗಿಬರಲ್ಲ.”

ಹೂವಮ್ಮಜ್ಜಿ ಲೋಟಗಳನ್ನೇ ನೋಡುತ್ತಿತ್ತು. “ಹಂಗಾದ್ರೆ ನನ್ನಿಂದ ಆಗಿದ್ದೇ ಅಲ್ವಾ?”

ಅಷ್ಟರಲ್ಲಿ ಮಂಚದಿಂದ ಒಂದು ಶಬ್ದ ಬಂತು. ಪುಟ್ಟಪ್ಪಜ್ಜ ಎಡಗೈ ಚಾಚಿ ಲೋಟ ಕೇಳುತ್ತಿದ್ದ. ಹೊಸ ಗಂಜಿ ಹಾಕಿ ಅವನ ಮಡಿಲಲ್ಲಿ ಇಟ್ಟೆವು. ಹುಷಾರಾಗಿ ಒಂದು ಚಮಚ ನುಂಗಿದ, ಚಮಚವನ್ನು ಲೋಟದಲ್ಲಿ ತಿರುವಿದ, ಲೋಟವನ್ನು ನನ್ನ ಕಡೆ ನೀಡಿ ಕಾದ. ಅವನದೂ ಇಳಿಯಿತು. ಅಜ್ಜ ಅದನ್ನು ನೋಡಿ, ಹೆಂಡತಿಯನ್ನು ನೋಡಿ, ತನ್ನ ಎದೆಯನ್ನೇ ಬೆರಳಿನಿಂದ ತಟ್ಟಿಕೊಂಡ. ನಂದೂ ಐತೆ ಎನ್ನುವುದಕ್ಕೆ ಅವನಿಗೆ ಮಾತು ಬೇಕಾಗಲಿಲ್ಲ.

ಯತೀಶಣ್ಣ ಎದ್ದು ಬಂದು ತಾಯಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. “ಅವ್ವ, ನೀರು ಕುಡುಸ್ತೀಯ ಅಂತ ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು.”

ಅಜ್ಜಿ ಅವನ ತಲೆ ಸವರಿತು. ಆದರೆ ಕಣ್ಣು ನನ್ನ ಮೇಲೇ ಇತ್ತು. “ಇನ್ಮೇಲೆ ನಾನು ಇವ್ರ ಬಟ್ಲಿಗೆ ಕೈ ಹಾಕಂಗಿಲ್ಲ, ಅಲ್ವಾ ಮಗ?”

“ಹಾಕಬಹುದು ಅಜ್ಜಿ,” ಎಂದೆ. ಇದನ್ನು ಹೇಳಲೆಂದೇ ರಾತ್ರಿಯಿಂದ ಕಾದಿದ್ದೆ, ಮೇಡಂ ಜೊತೆಯೂ ಮಾತಾಡಿ ಒಪ್ಪಿಸಿಕೊಂಡಿದ್ದೆ. “ದೊಡ್ಡ ಬಟ್ಟಲು ಬೇಡ. ಇಷ್ಟು ಚಿಕ್ಕ ಬಟ್ಟಲು ಇರಲಿ. ಮೊದಲ ಚಮಚ ನೀವು ತಿನ್ನಿ, ಚಮಚ ತೊಳೆದು ಉಳಿದದ್ದು ಅಜ್ಜನಿಗೆ. ಎಂಜಲು ಬಿದ್ದ ಗಂಜಿ ಹೊತ್ತು ನಿಲ್ಲದ ಹಾಗೆ, ಬೇಗ ಮುಗಿಯುವಷ್ಟೇ ಹಾಕಿಕೊಳ್ಳಿ. ಖಾಲಿಯಾದ ಮೇಲೆ ಬೇರೆ ಬಟ್ಟಲು, ಪಾತ್ರೆಯಿಂದ ಹೊಸ ಗಂಜಿ. ಅದಕ್ಕೂ ಮೊದಲ ಚಮಚ ನಿಮ್ಮದೇ. ಪಾತ್ರೆಗೆ ಮಾತ್ರ ಎಂಜಲು ಚಮಚ ಹೋಗಬಾರದು.”

ಅಜ್ಜಿ ಅಳುತ್ತಲೇ ನಕ್ಕಿತು. “ಕೆಮ್ಮು ಬಿಡ್ಸಕ್ಕೆ ಬಂದೋಳು ನೀನು. ಜೊತಿ ಊಟಾನೇ ಬಿಡ್ಸಿ ಹೋಗ್ತೀಯೇನೋ ಅಂತ ಹೆದ್ರಿದ್ದೆ ಕಣವ್ವ.”

ಆ ಹೊತ್ತು ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಊಟವಾಯಿತು. ಕೊನೆಯ ಬಟ್ಟಲಿನ ಮೇಲೆ ನಾನು ಕಣ್ಣಿಟ್ಟಿದ್ದೆ. ಅಜ್ಜ ನುಂಗಿದ, ನಾವು ಕಾದೆವು. ಕೆಮ್ಮು ಬರಲಿಲ್ಲ. ಮಾನಸಕ್ಕ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಹೊಸಬಾಳೆಯ ಮನೆಯನ್ನು ಲೆಕ್ಕದಿಂದ ಬಿಡಲಿಲ್ಲ. ಪ್ರಾಜೆಕ್ಟಿನಲ್ಲಿ ಬರೆಯಲು ಯೋಗ್ಯವಾಗಿದ್ದದ್ದು ಅದೊಂದೇ ಎಂದರು ಮೇಡಂ. ಎಲ್ಲ ಮನೆಗೂ ಮತ್ತೆ ಹೋಗಿ ಕೊನೆಯ ತುತ್ತು ಅಳೆಯಬೇಕಾಯಿತು. ಈ ಸಲ ನಾನು ಬೈಯಲಿಲ್ಲ. ಈಗ ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಯಾರನ್ನೇ ಮನೆಗೆ ಕಳಿಸುವಾಗಲೂ ಗಂಜಿಯ ಹದ ಹೇಳುವ ಮೊದಲು, ನೀವು ಯಾರ ಜೊತೆ, ಹೇಗೆ ಉಣ್ಣುತ್ತೀರಿ ಎಂದು ಕೇಳುತ್ತೇನೆ. ಕೇಳಬೇಕೆಂದು ಕಲಿಸಿದ ಮೇಡಂಗೂ, ಪಡಸಾಲೆಯಲ್ಲಿ ಕೂರಿಸಿಕೊಂಡು ತಮ್ಮ ಊಟವನ್ನೇ ನನಗೆ ಪಾಠ ಮಾಡಿದ ಆ ಮನೆಯವರಿಗೂ ಎಷ್ಟು ಕೈ ಮುಗಿದರೂ ಕಡಿಮೆಯೇ.

ಹೋದ ತಿಂಗಳು ರಜೆಗೆ ಊರಿಗೆ ಬಂದವಳು ಹೊಸಬಾಳೆಗೆ ಹೋಗಿದ್ದೆ. ಅಂದಿನಿಂದ ಅಜ್ಜನ ಎದೆ ಕಟ್ಟಿಲ್ಲ, ನಳಿಗೆಯ ಮಾತೂ ಎದ್ದಿಲ್ಲ. ಊಟದ ಹೊತ್ತು. ಹೂವಮ್ಮಜ್ಜಿ ಚಿಕ್ಕ ಬಟ್ಟಲು ತಂದು, ವಾಡಿಕೆಯಂತೆ ಮೊದಲ ಚಮಚ ಬಾಯಿಗೆ ಹಾಕಿಕೊಳ್ಳಲು ಹೋದಾಗ ಅಜ್ಜ ಅಜ್ಜಿಯ ಮುಂಗೈ ಹಿಡಿದ. ಚಮಚವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ.

“ಬಾ,” ಎಂದ.

ಅಜ್ಜಿ ನನ್ನನ್ನು ನೋಡಿತು. ಅಜ್ಜಿಯನ್ನು ಬಿಟ್ಟು ಇನ್ನೊಬ್ಬರನ್ನು ಅವನು ಹಾಗೆ ಕರೆದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನಾನು ಮಂಚದ ಹತ್ತಿರ ಹೋಗಿ ಕೂತು, ಬಾಯಿ ತೆರೆದೆ.